ಮಲ್ಲಿಗೆ ಬುಡದ ಇರುವೆ ಗೂಡು

ಪಕ್ಕದ ಮನೆಯ ಓವರ್ಸಿಯರ ಹೆಂಡತಿ ಮೊನ್ನೆ ನನಗೊಂದು ತಗಡಿನ ಡಬ್ಬಿ ತಂದುಕೊಟ್ಟರು. ಒಳಗೆ ಸುಣ್ಣದಂಥ ಬಿಳಿ ಪುಡಿ. ಯುದ್ಧ ಮುಗಿದ ಮೇಲೆ ನಮ್ಮ ಕೊರಟಗೆರೆಯಂಥ ಊರಿಗೂ ಬಂದಿಳಿದಿರುವ ಹೊಸ ಸಾಮಾನುಗಳಲ್ಲಿ ಇದೂ ಒಂದಂತೆ. ಗುಲಾಬಿ ಬುಡಕ್ಕೆ ಒಂದು ಚಿಟಿಕೆ ಉದುರಿಸಿದರೆ ಸಾಕು, ಸಂಜೆಯೊಳಗೆ ಇರುವೆಗಳ ವಂಶ ನಿರ್ವಂಶ ಎಂದರು. ಅವರಿಗೆ ಆ ಕೆಲಸದಲ್ಲಿ ಬಹಳ ಉತ್ಸಾಹ. ನಾನು ಡಬ್ಬಿ ಇಸಿದುಕೊಂಡೆ, ಅವರಿಗೆ ಕಾಫಿ ಕೊಟ್ಟೆ, ಅವರು ಹೋದ ಮೇಲೆ ಡಬ್ಬಿಯನ್ನು ಅಟ್ಟದ ಮೇಲಿಟ್ಟೆ. ಅದು ಅಲ್ಲೇ ಇದೆ. ಇರುವೆಗಳೂ ಗುಲಾಬಿ ಬುಡದಲ್ಲೇ ಇವೆ.

ಇದನ್ನು ದಯೆ ಎಂದು ತಿಳಿಯಬೇಡಿ. ನಾನು ಸೊಳ್ಳೆ ಹೊಡೆಯುತ್ತೇನೆ, ತಿಗಣೆಗೆ ಕುದಿಯುವ ನೀರು ಹಾಕುತ್ತೇನೆ, ಜಿರಲೆ ಕಂಡರೆ ಪೊರಕೆ ಹುಡುಕುತ್ತೇನೆ. ಮುಕ್ಕಾಲು ಪಾಲು ಇದು ಸೋಮಾರಿತನ. ಉಳಿದ ಕಾಲು ಪಾಲಿಗೆ ಮಾತ್ರ ಒಂದು ಕಥೆ ಇದೆ. ನನ್ನ ಪ್ರಾಣಕ್ಕೂ ಇರುವೆಗೂ ಒಂದು ಕಾಲದಲ್ಲಿ ಗಂಟು ಹಾಕಿದ್ದರು. ನಾನಂತೂ ಹಾಕಿಕೊಂಡದ್ದಲ್ಲ.

ನಾನು ಹುಟ್ಟಿದ್ದು ಬೆಳೆದದ್ದು ಮಧುಗಿರಿಯಲ್ಲಿ. ಆಗ ಅದು ಎಲ್ಲರ ಬಾಯಲ್ಲೂ ಇನ್ನೂ ಮದ್ದಗಿರಿಯೇ. ಅಪ್ಪನಿಗೆ ಪೇಟೆಯಲ್ಲಿ ಬೆಲ್ಲದ ಮಂಡಿ. ಬೆಲ್ಲದ ಮಂಡಿಯವರ ಮನೆಗೂ ಇರುವೆಗೂ ಇರುವ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪನ ಪಂಚೆಯ ಅಂಚು ಹಿಡಿದು ಬರುತ್ತಿದ್ದವು, ಅಂಗವಸ್ತ್ರದ ಮಡಿಕೆಯಲ್ಲಿ ಬರುತ್ತಿದ್ದವು, ಅಪ್ಪ ಮಲಗಿದ ಮೇಲೆ ಅವನ ಮೀಸೆಯ ಮೇಲೂ ಒಂದೆರಡು ಓಡಾಡಿದ್ದನ್ನು ನಾನು ಕಂಡಿದ್ದೇನೆ. ಪಾಯಸದ ಬಟ್ಟಲಲ್ಲಿ ಇರುವೆ ತೇಲುವುದು ನಮಗೆ ವಿಶೇಷವೇ ಅಲ್ಲ. ನಾನು ಮೂತಿ ತಿರುಗಿಸಿದರೆ ಅವ್ವ, "ನುಂಗು, ಕಣ್ಣು ಚುರುಕಾಗ್ತವೆ" ಎನ್ನುತ್ತಿದ್ದಳು. ಆ ಲೆಕ್ಕಕ್ಕೆ ನಾನು ನುಂಗಿದ ಇರುವೆಗೆ ಮಧುಗಿರಿ ಬೆಟ್ಟದ ತುದಿಯಲ್ಲಿ ಕೂತ ಹದ್ದಿನ ಗರಿ ಎಣಿಸಬೇಕಾಗಿತ್ತು. ಮೂವತ್ತು ತುಂಬುವ ಮೊದಲೇ ಕನ್ನಡಕ ಬಂತು.

ಅಪ್ಪ ಮಂಡಿಯಲ್ಲಿ ಇರುವೆಯ ಕಡುವೈರಿ. ಬೆಲ್ಲದ ಅಚ್ಚುಗಳ ಸುತ್ತ ಬೂದಿ ಹರಡಿಸುತ್ತಿದ್ದ, ಸಾಲು ಕಂಡ ಕಡೆ ಬಿಸಿನೀರು ಹುಯ್ಯಿಸುತ್ತಿದ್ದ, ಗಿರಾಕಿಯ ಮುಂದೆಯೇ ಅವುಗಳ ಅಪ್ಪ ಅವ್ವ ಎತ್ತಿ ಬೈಯುತ್ತಿದ್ದ. ಅದೇ ಅಪ್ಪ ಮನೆಗೆ ಬಂದು ಕಾಲು ತೊಳೆದು ವಿಭೂತಿ ಹಚ್ಚಿಕೊಂಡ ಮೇಲೆ, ಪೂಜೆಯ ಕೋಣೆಯಲ್ಲಿ ಇರುವೆ ಕಂಡರೆ ಬೆರಳ ತುದಿಯಿಂದ ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಿದ್ದ. ಪೇಟೆಯ ಶಿವನಿಗೂ ಮನೆಯ ಶಿವನಿಗೂ ಪರಿಚಯವಿರಲಿಲ್ಲವೆಂದು ಕಾಣುತ್ತದೆ.

ಹಿತ್ತಲು ಬಸಮ್ಮತ್ತೆಯದು. ಬಸಮ್ಮತ್ತೆ ಅಪ್ಪನ ಅಕ್ಕ. ಅವಳನ್ನು ಸಿರಾ ಸೀಮೆಯ ಕಳ್ಳಂಬೆಳ್ಳಕ್ಕೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ, ಮಕ್ಕಳಿಲ್ಲದ್ದರಿಂದ, ತಮ್ಮನ ಮನೆಗೆ ಬಂದು ನಿಂತಿದ್ದಳು. ಬಂದಾಗ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದು ದುಂಡು ಮಲ್ಲಿಗೆಯ ನಾಲ್ಕು ಕಡ್ಡಿ. ಹಿತ್ತಲಿನ ನೆಲ ಬರೀ ಗರಸು, ನೀರು ನಿಲ್ಲದ ಕಲ್ಲುಮಣ್ಣು. ಅದರಲ್ಲೇ ಗುಂಡಿ ತೋಡಿ, ಕೆರೆಯ ಗೋಡು ತುಂಬಿಸಿ, ಪಾತ್ರೆ ತೊಳೆದ ನೀರು ಹಾಕಿ ಬೆಳೆಸಿದಳು. ಮೂರು ಕಡ್ಡಿ ಒಣಗಿದವು, ಒಂದು ನಿಂತಿತು. ನಾನು ಕಣ್ಣುಬಿಡುವ ಹೊತ್ತಿಗೆ ಆ ಒಂದೇ ಗಿಡ ಕಲ್ಲುಕಂಬಗಳ ಮೇಲೆ ಹಬ್ಬಿ ಪೊದೆಯಾಗಿತ್ತು.

ಬೆಳಗಾಗೆದ್ದು ಅಪ್ಪನ ಲಿಂಗಪೂಜೆಗೆ ಒಂದು ತಟ್ಟೆ ಹೂ ಇಡುವುದು ಅವಳ ಕೆಲಸ. ಸಂಜೆ ಬೀದಿಯ ಹೆಣ್ಣುಮಕ್ಕಳು ಬಂದರೆ ಮೊಳ ಮೊಳ ಕಟ್ಟಿಕೊಡುವುದೂ ಅವಳೇ. ತಾನು ಮುಡಿಯುವ ಹಾಗಿರಲಿಲ್ಲ. ಅದರ ಬಗ್ಗೆ ಅವಳು ಒಂದು ಮಾತೂ ಆಡಿದವಳಲ್ಲ. ಆಡುತ್ತಿದ್ದ ಮಾತು ಬೇರೆ. ಹೂ ಕಟ್ಟುತ್ತಾ ಯಾರಾದರೂ ಪಕ್ಕದಲ್ಲಿ ಕೂತರೆ ಹೇಳುತ್ತಿದ್ದಳು: "ತಮ್ಮನ ಮನೇಲಿ ಉಣ್ಣೋ ಕೂಳಿಗೆ ನಾನೇನು ಕೊಟ್ಟೇನಮ್ಮ? ಈ ಹೂವು ಒಂದು ಐತೆ. ಇದು ಇರೋ ಗಂಟ ಇಲ್ಲಿರ್ತೀನಿ. ಇದು ಹೋದ್ರೆ ನಾನೂ ಕಳ್ಳಂಬೆಳ್ಳದ ದಾರಿ ಹಿಡಿಯೋದೆ."

ಕಳ್ಳಂಬೆಳ್ಳದಲ್ಲಿ ಅವಳ ಮೈದುನನ ಸಂಸಾರ. ಅವನು ಕೆಟ್ಟವನೇನಲ್ಲ. ಅವನ ಹೆಂಡತಿ ಸದಾ ಕಾಯಿಲೆಯವಳು, ಕೊಟ್ಟಿಗೆಯ ತುಂಬ ದನ, ಸಗಣಿ ಬಾಚುವುದಕ್ಕೆ ಜನವಿಲ್ಲ. ಈ ಕಡೆಗೆ ಗಾಡಿ ಬಂದಾಗಲೆಲ್ಲ, "ಅತ್ಗೆ ಬಂದು ಇರೋದಾದ್ರೆ ಇರ್ಲಿ" ಎಂದು ಹೇಳಿ ಕಳಿಸುತ್ತಿದ್ದ. ಅತ್ತೆಗೆ ಆ ಕೊಟ್ಟಿಗೆ ಎಂದರೆ ಎದೆ ನಡುಕ. ಮದುವೆಯಾದ ಹೊಸದರಲ್ಲಿ ಅದರೊಳಗೇ ವರ್ಷಗಟ್ಟಲೆ ಬೆನ್ನು ಬಗ್ಗಿಸಿದ್ದಳಂತೆ. ಅಲ್ಲಿಗೆ ಹೋಗಬಾರದೆಂದೇ ಇಲ್ಲಿ ಮಲ್ಲಿಗೆ ಬೆಳೆಸಿದ್ದು. ಹಾಗೆಂದು ಕೈಗೆ ಕೆಲಸವಿಲ್ಲದೆ ತಮ್ಮನ ಮನೆಯಲ್ಲಿ ಎರಡು ಹೊತ್ತು ಎಲೆಯ ಮುಂದೆ ಕೂರುವುದೂ ಅವಳಿಂದ ಆಗದ ಮಾತು. ಅಷ್ಟು ಬಿಗುಮಾನದ ಹೆಂಗಸು.

ಇರುವೆ ಗೂಡು ಬಿದ್ದದ್ದು ಈ ಮಲ್ಲಿಗೆಯ ಬುಡಕ್ಕೆ. ಸಣ್ಣ ಕೆಂಪಿರುವೆ. ಇರುವೆಗಳಲ್ಲೂ ಮರ್ಯಾದಸ್ಥರು ಇದ್ದಾರೆ. ಗೊದ್ದ ಎನ್ನುವ ದೊಡ್ಡ ಕರಿ ಇರುವೆಯನ್ನು ನೋಡಿ, ಪರಸ್ಥಳದವನು ವಿಳಾಸ ಕೇಳುವ ಹಾಗೆ ಒಂದೊಂದೇ ಬರುತ್ತದೆ, ಸಿಕ್ಕದಿದ್ದರೆ ಹೊರಟುಹೋಗುತ್ತದೆ. ಈ ಕೆಂಪಿರುವೆಗೆ ಅಂಥ ಸಂಕೋಚವಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಬುಡದ ಸುತ್ತ ರವೆಯ ಹಾಗೆ ಮಣ್ಣು ಎತ್ತಿ ಗುಪ್ಪೆ ಮಾಡಿದ್ದವು. ವಾರ ಕಳೆಯುವುದರಲ್ಲಿ ಎಲೆಯ ಅಡಿಯಲ್ಲಿ ಬಿಳಿ ಹಿಟ್ಟಿನಂಥ ಹುಳ. ಆ ಹುಳದ ಅಂಟನ್ನು ಇರುವೆ ನೆಕ್ಕುತ್ತದೆ, ಅದನ್ನು ದನದಂತೆ ಕಾಯುತ್ತದೆ. ಮೊಗ್ಗು ಅರಳುವ ಮೊದಲೇ ಉದುರತೊಡಗಿತು.

ಅತ್ತೆ ಯುದ್ಧಕ್ಕೆ ನಿಂತಳು. ಮೊದಲು ಒಲೆಯ ಬೂದಿ. ಬೂದಿಯ ಮೇಲೆ ಇರುವೆಗಳು ಹೊಸ ದಾರಿ ಮಾಡಿಕೊಂಡವು. ಆಮೇಲೆ ಅರಿಶಿನ, ಆಮೇಲೆ ಬೇವಿನ ಹಿಂಡಿ. ಅಪ್ಪನ ಮಂಡಿಗೆ ಪಾವಗಡದ ಕಡೆಯಿಂದ ಬರುತ್ತಿದ್ದ ಮುದುಕನೊಬ್ಬ ಜಗುಲಿಯಲ್ಲಿ ಮಜ್ಜಿಗೆ ಕುಡಿಯುತ್ತಾ ಇದನ್ನೆಲ್ಲ ಕೇಳಿ, "ಚೀಮಲಾ? ಇಂಗುವ ನೀಳ್ಳು ಪೊಯ್ಯಂಡಮ್ಮ, ಇನ್ನು ನಿಮ್ಮ ತಂಟೆಗೆ ಬರಲ್ಲ" ಎಂದು ತೆಲುಗು ಕನ್ನಡ ಎರಡು ಭಾಷೆಯಲ್ಲಿ ಒಂದೇ ಔಷಧ ಹೇಳಿದ. ಇಂಗಿನ ನೀರು ಹಾಕಿದ್ದಕ್ಕೆ ಹಿತ್ತಲೆಲ್ಲ ಹುಳಿಯ ಒಗ್ಗರಣೆ ವಾಸನೆ. ನನಗೆ ಬೇರೆ ಹಸಿವು. ಆದರೆ ಮುದುಕನ ಮಾತು ಸುಳ್ಳಾಗಲಿಲ್ಲ, ಇರುವೆ ಕಡಿಮೆಯಾದವು. ಇನ್ನೆರಡು ಸಲ ಹಾಕಿದರೆ ಗೂಡು ಬಿಟ್ಟೇ ಹೋಗುತ್ತವೆ ಎನ್ನುವ ಹೊತ್ತಿಗೆ ನಾನು ಜ್ವರ ಬಂದು ಮಲಗಿದೆ.

ಬಿಟ್ಟು ಬಿಟ್ಟು ಬರುವ ಚಳಿಜ್ವರ. ಆ ಕಾಲದಲ್ಲಿ ಅದು ನೆಂಟರ ಹಾಗೆ ಎಲ್ಲರ ಮನೆಗೂ ಬರುತ್ತಿತ್ತು, ಕೆಲವರ ಮನೆಯಿಂದ ಒಬ್ಬರನ್ನು ಕರೆದುಕೊಂಡೇ ಹೋಗುತ್ತಿತ್ತು. ನನಗಿಂತ ಮೊದಲು ಹುಟ್ಟಿದ ಇಬ್ಬರು ಅಣ್ಣಂದಿರನ್ನು ಹಾಗೆಯೇ ಕರೆದುಕೊಂಡು ಹೋಗಿತ್ತು. ಅವ್ವನಿಗೆ ಉಳಿದವಳು ನಾನೊಬ್ಬಳು. ಆಸ್ಪತ್ರೆಯಿಂದ ಕಹಿ ಔಷಧ ಬಂತು, ಸೊಪ್ಪಿನ ಕಷಾಯ ಬಂತು. ಎರಡೂ ಒಟ್ಟಿಗೆ ಹೊಟ್ಟೆಗೆ ಹೋದವು. ಜ್ವರ ಹೋಗಲಿಲ್ಲ.

ಕೊನೆಗೆ ಮಠದ ಅಯ್ಯನೋರನ್ನು ಕರೆಸಿದರು. ಅವರು ನನ್ನ ಹಣೆಗೆ ವಿಭೂತಿ ಇಟ್ಟು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತು ಹೇಳಿದರು: "ಇರುವೆಗೆ ಉಣ್ಣಿಸಮ್ಮ. ನಿಮ್ಮ ಮನೆ ಎಲ್ಲೆ ಒಳಗೆ ಅವೇ ಕಟ್ಟಿಕೊಂಡ ಗೂಡಿಗೆ, ಸೋಮವಾರ ಸೋಮವಾರ, ಹೊತ್ತು ಹುಟ್ಟೋ ಮುಂಚೆ ರವೆ, ಬೆಲ್ಲ, ಕೊಬ್ಬರಿ. ಒಂದು ಗೂಡಿಗೆ ಹರಕೆ ಹೊತ್ತ ಮೇಲೆ ಅದನ್ನ ಕದಲಿಸಬಾರದು, ನೀರು ಬೀಳಬಾರದು. ನಡುವೆ ಒಂದು ವಾರ ತಪ್ಪಿದ್ರೂ ಮಾಡಿದ್ದೆಲ್ಲ ನೀರಲ್ಲಿ ಹೋಮ. ಕೂಸು ಎದ್ದು ಓಡಾಡೋವರೆಗೂ ನಡೆಸು." ನಾನು ಮಂಚದ ಮೇಲಿದ್ದೆ. ಅತ್ತೆ ಕಂಬಕ್ಕೆ ಒರಗಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಮಾರನೆಯ ದಿನ ಅಯ್ಯನೋರು ಸಂಚಾರಕ್ಕೆ ಹೊರಟುಹೋದರು, ಆ ವರ್ಷವೆಲ್ಲ ಊರಿಗೆ ತಿರುಗಿ ಬರಲಿಲ್ಲ.

ಆಗ ಅವ್ವ ಮಾಡಿದ ಕೆಲಸವನ್ನು ಹೇಳಬೇಕು. ಕೇಳಿದ್ದೇ ತಡ, ಕೈಗೆ ಸಿಕ್ಕ ಬೆಲ್ಲ ಹಿಡಿದುಕೊಂಡು ಹಿತ್ತಲಿಗೆ ಓಡಿದಳು. ಬಾಗಿಲು ದಾಟಿದೊಡನೆ ಕಣ್ಣಿಗೆ ಬಿದ್ದ ಗೂಡಿನ ಮುಂದೆ ಕುಕ್ಕರಿಸಿ, ಸೆರಗೊಡ್ಡಿ, ಹರಕೆ ಹೊತ್ತುಬಿಟ್ಟಳು. ಅವಳು ಗೂಡು ನೋಡಿದಳೇ ಹೊರತು ತಲೆಯೆತ್ತಿ ಗಿಡ ನೋಡಲಿಲ್ಲ. ಬಾವಿಕಟ್ಟೆಯ ಹತ್ತಿರ ಇನ್ನೊಂದು ಗೂಡಿತ್ತು, ಹುಣಸೆಯ ಬುಡದಲ್ಲಿ ಬೇಕಾದಷ್ಟಿದ್ದವು. ಅವಳು ಹೊತ್ತದ್ದು ಮಲ್ಲಿಗೆ ಬುಡದ ಗೂಡಿಗೆ. ಎದ್ದು ಸೆರಗು ಕೊಡವುವಾಗ ಮುಖಕ್ಕೆ ಕೊಂಬೆ ತಗುಲಿತು. ಆಗ ಅವಳಿಗೆ ತಿಳಿದದ್ದು, ತಾನು ಯಾರ ಗಿಡದಡಿಯಲ್ಲಿ ಕೂತಿದ್ದೇನೆ ಎಂದು. ಹೊತ್ತ ಹರಕೆಯನ್ನು ಎತ್ತಿ ಇನ್ನೊಂದು ಗೂಡಿಗೆ ಇಡಲು ಬರುವುದಿಲ್ಲ.

ಅವ್ವನ ಹಿಂದೆಯೇ ಬಂದ ಅತ್ತೆಯ ಕೈಯಲ್ಲಿ, ಗಿಡಕ್ಕೆಂದು ಮೊದಲೇ ಕಲಸಿಟ್ಟಿದ್ದ ಇಂಗಿನ ನೀರಿನ ಚೊಂಬಿತ್ತು. ನನ್ನ ಮಂಚದ ಕಿಟಕಿ ಹಿತ್ತಲಿಗೆ ತೆರೆದಿದ್ದರಿಂದ ಎಲ್ಲವೂ ನನಗೆ ಕಾಣುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಅಕ್ಕ, ನೋಡ್ದಲೆ ಮಾಡ್ಬುಟ್ಟೆ" ಎಂದಳು ಅವ್ವ.

"ಆಯ್ತು ಬುಡು ರುದ್ರಮ್ಮ. ಮಗಾ ಉಳೀಲಿ" ಎಂದು ಅತ್ತೆ ಚೊಂಬನ್ನು ದೂರ ಹೋಗಿ ಬಚ್ಚಲಿಗೆ ಸುರಿದಳು.

ಅಲ್ಲಿಂದ ಮುಂದೆ ನಮ್ಮ ಹಿತ್ತಲಿನಲ್ಲಿ ನಡೆದದ್ದು ಬಹಳ ಮರ್ಯಾದೆಯ ಜಗಳ. ಒಂದು ಮಾತೂ ಇಲ್ಲದ ಜಗಳ. ಸೋಮವಾರ ನಸುಕಿನಲ್ಲಿ ಅವ್ವ ರವೆ ಬೆಲ್ಲ ಹಾಕುತ್ತಿದ್ದಳು. ಇರುವೆಗಳು ಕೊಬ್ಬುತ್ತಿದ್ದವು. ಅತ್ತೆ ಬುಡಕ್ಕೆ ನೀರು ಹಾಕುವಂತಿಲ್ಲವಲ್ಲ, ಅದಕ್ಕೆ ಒಂದು ಮಾರು ದೂರದಲ್ಲಿ ಸುತ್ತಲೂ ಕಾಲುವೆ ತೋಡಿದಳು, ಬೇರಿಗೆ ತೇವ ತಾನಾಗಿ ಹೋಗಲಿ ಎಂದು. ಅವ್ವ ಬಂದು ನೋಡಿ, ನೀರು ಉಕ್ಕಿ ಗೂಡಿಗೆ ಹೋಗದ ಹಾಗೆ ಮಣ್ಣಿನ ಒಡ್ಡು ಕಟ್ಟಿದಳು. ಅತ್ತೆ ಒದ್ದೆ ಬಟ್ಟೆ ತಂದು ಎಲೆ ಎಲೆಯನ್ನೂ ಒರೆಸಿ ಬಿಳಿ ಹುಳ ತೆಗೆದಳು. ಮರುದಿನ ಇರುವೆ ಹೊಸ ಹುಳ ತಂದು ಬಿಟ್ಟವು. ಇಬ್ಬರೂ ಅಡಿಗೆಮನೆಯಲ್ಲಿ ಒಟ್ಟಿಗೆ ಕೂತು ರೊಟ್ಟಿ ತಟ್ಟುತ್ತಿದ್ದರು, ಸೊಪ್ಪು ಬಿಡಿಸುತ್ತಿದ್ದರು, ಒಬ್ಬರ ಎಲೆಗೆ ಇನ್ನೊಬ್ಬರು ತುಪ್ಪ ಹಾಕುತ್ತಿದ್ದರು. ಮಲ್ಲಿಗೆಯ ಸುದ್ದಿ ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಬೇಸಗೆ ಏರಿತು. ಬೆಟ್ಟದ ಬಂಡೆ ಹಗಲೆಲ್ಲ ಕಾದು ಸಂಜೆ ಆ ಕಾವನ್ನು ಊರಿನ ಮೇಲೆ ಬಿಡುತ್ತಿತ್ತು. ದೂರದ ಕಾಲುವೆಯ ನೀರು ಗರಸಿನಲ್ಲಿ ಎಲ್ಲಿ ಇಂಗುತ್ತಿತ್ತೋ ಶಿವನೇ ಬಲ್ಲ, ಬೇರಿಗಂತೂ ಮುಟ್ಟಲಿಲ್ಲ. ಹೂವಿನ ತಟ್ಟೆ ಮೊದಲು ಅರ್ಧವಾಯಿತು, ಆಮೇಲೆ ತಟ್ಟೆಯ ನಡುವೆ ನಾಲ್ಕು ಹೂ. ಒಂದು ದಿನ ಬರೀ ಬಿಲ್ವಪತ್ರೆ. ಅಪ್ಪ ತಟ್ಟೆ ನೋಡಿದ, ಪತ್ರೆಯಲ್ಲೇ ಪೂಜೆ ಮುಗಿಸಿ ಮಂಡಿಗೆ ಹೋದ. ಅವನು ಬೈದಿದ್ದರೆ ಅತ್ತೆಗೆ ಸಮಾಧಾನವಾಗುತ್ತಿತ್ತೋ ಏನೋ. ಆವತ್ತು ಅವಳು ಒಂದೇ ಹೊತ್ತು ಉಂಡಳು. ಕಳ್ಳಂಬೆಳ್ಳದ ಕಡೆ ಹೋಗುವ ಗಾಡಿಯವನಿಗೆ, "ಮಗಾ ಹುಷಾರಾದ ಮ್ಯಾಕೆ ಬತ್ತೀನಿ ಅಂತ ಹೇಳಪ್ಪ" ಎಂದು ಹೇಳಿ ಕಳಿಸಿದಳು. ಅಪ್ಪನಿಗೆ ತಿಳಿದು, "ಯಾಕಕ್ಕ ಇಂಗೆ? ಯಾರೇನಂದ್ರು?" ಎಂದ. "ಯಾರೂ ಏನೂ ಅನ್ಲಿಲ್ಲಪ್ಪ. ಇನ್ನೇನು ಮೊಕ ಇಟ್ಕಂಡು ಇರ್ಲಿ?" ಎಂದಳು. ಅಪ್ಪನಿಗೆ ಬೆಲ್ಲದ ಧಾರಣೆಯ ಮೇಲೆ ಗಂಟೆಗಟ್ಟಲೆ ವಾದ ಮಾಡಲು ಬರುತ್ತಿತ್ತು, ಅಕ್ಕನ ಜೊತೆ ಬರುತ್ತಿರಲಿಲ್ಲ.

ಆ ವಾರ ನನ್ನ ಜ್ವರ ತಲೆಗೇರಿತು. ಭಾನುವಾರವಿಡೀ ಅವ್ವ ನನ್ನ ಮಗ್ಗುಲು ಬಿಟ್ಟು ಏಳಲಿಲ್ಲ, ಒದ್ದೆ ಬಟ್ಟೆ ಬದಲಾಯಿಸುತ್ತಲೇ ಇದ್ದಳಂತೆ. ನನಗೆ ಎಚ್ಚರವಾದಾಗ ಹೊರಗೆ ಮಬ್ಬು ಬೆಳಕು. ಜ್ವರ ಇಳಿದು ಮೈ ಬೆವರಿತ್ತು. ಅವ್ವ ಮಂಚದ ಕಾಲಿಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದಳು. ಅಂದು ಸೋಮವಾರ ಎಂಬುದು ನನಗೆ ಹೊಳೆಯಲಿಲ್ಲ. ನೀರು ಬೇಕು ಎನ್ನಲು ಬಾಯಿ ತೆರೆದವಳು ಕಿಟಕಿಯಲ್ಲಿ ಅತ್ತೆಯನ್ನು ಕಂಡು ಸುಮ್ಮನಾದೆ.

ಅವಳ ಕೈಯಲ್ಲಿ ರವೆ ಬೆಲ್ಲದ ಬಟ್ಟಲಿತ್ತು. ಮಲ್ಲಿಗೆಯ ಮುಂದೆ ನಿಂತಿದ್ದಳು. ಗಿಡದಲ್ಲಿ ಆಗಿನ್ನೂ ಒಂದು ಕೊಂಬೆಯಲ್ಲಿ ಹಸಿರಿತ್ತು. ಅದು ಉಳಿಯಬೇಕಾದರೆ ಅವಳು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಒಳಗೆ ಹೋಗಿ ಮಲಗಿದ್ದರೆ ಸಾಕಾಗಿತ್ತು. ಹೊತ್ತು ಹುಟ್ಟುತ್ತಿತ್ತು, ವಾರ ತಪ್ಪುತ್ತಿತ್ತು, ಹರಕೆ ಮುರಿಯುತ್ತಿತ್ತು, ಬುಡಕ್ಕೆ ಅವತ್ತೇ ಕೊಡಗಟ್ಟಲೆ ನೀರು ಹುಯ್ಯಬಹುದಿತ್ತು. ತಪ್ಪು ಅವಳದೆಂದು ಯಾರೂ ಹೇಳುವಂತಿರಲಿಲ್ಲ. ಅವಳು ಆ ಹಸಿರು ಕೊಂಬೆಯನ್ನು ಒಮ್ಮೆ ಸವರಿದಳು. ಕೂತಳು. ಬಟ್ಟಲನ್ನು ಗೂಡಿನ ಸುತ್ತ ಮೆಲ್ಲಗೆ ಬಗ್ಗಿಸಿದಳು. ಬೆಲ್ಲದ ಒಂದು ಉಂಡೆ ಗಟ್ಟಿಯಾಗಿತ್ತೆಂದು ಕಾಣುತ್ತದೆ, ಇರುವೆಗೆ ಹೊರಲು ಸಲೀಸಾಗಲೆಂದು ಅದನ್ನು ಬೆರಳಲ್ಲಿ ಪುಡಿ ಮಾಡಿ ಹಾಕಿದಳು.

ಅವ್ವ ಎದ್ದದ್ದು ಬಿಸಿಲು ಬಿದ್ದ ಮೇಲೆ. ಸೋಮವಾರ ಎಂದು ನೆನಪಾಗಿ ಎದೆ ಬಡಿದುಕೊಂಡು ಹಿತ್ತಲಿಗೆ ಓಡಿದಳು. ಗೂಡಿನ ಸುತ್ತ ರವೆ ಬಿದ್ದಿತ್ತು, ಅದನ್ನು ಹೊತ್ತು ಇರುವೆಗಳು ಸಾಲು ಹಿಡಿದಿದ್ದವು. ಅವ್ವ ಅಲ್ಲೇ ಕೂತುಬಿಟ್ಟಳು. ತುಂಬ ಹೊತ್ತು ಎದ್ದು ಬರಲಿಲ್ಲ. ಅತ್ತೆ ಅಡಿಗೆಮನೆಯಲ್ಲಿ ನನಗೆ ಗಂಜಿ ಕಾಯಿಸುತ್ತಿದ್ದಳು.

ನನಗೆ ಜ್ವರ ಬಿಟ್ಟಿತು. ಕಹಿ ಔಷಧದಿಂದಲೋ ಕಷಾಯದಿಂದಲೋ ಇರುವೆಗಳಿಂದಲೋ ಅಥವಾ ಜ್ವರಕ್ಕೇ ಬೇಸರ ಬಂದೋ ನಾನು ಹೇಳಲಾರೆ. ಗೋಡೆ ಹಿಡಿದು ನಡೆದೆ, ಆಮೇಲೆ ಗೋಡೆ ಬಿಟ್ಟು ನಡೆದೆ, ಆಮೇಲೆ ಕದ್ದು ಬೆಲ್ಲ ತಿಂದು ಬೈಸಿಕೊಂಡೆ. ಹರಕೆ ತೀರಿತು ಎಂದು ಎಲ್ಲರೂ ಒಪ್ಪಿದರು. ಅಷ್ಟರಲ್ಲಿ ಮಲ್ಲಿಗೆ ಬುಡದವರೆಗೂ ಒಣಗಿತ್ತು. ಅತ್ತೆ ಕೊಂಬೆ ಮುರಿದು ನೋಡಿದಳು, ಚಟ್ ಎಂದಿತು. ಆ ಕಡ್ಡಿಗಳನ್ನೇ ನೀರೊಲೆಗೆ ಹಾಕಿ ನನಗೆ ಎಣ್ಣೆ ನೀರು ಹಾಕಿದಳು.

ಆಮೇಲೊಂದು ದಿನ ಮಧ್ಯಾಹ್ನ ಕಳ್ಳಂಬೆಳ್ಳದ ಮೈದುನ ಗಾಡಿ ಹೂಡಿಕೊಂಡು ಬಂದ. ಜಗುಲಿಯ ಮೇಲೆ ಕೂತು ನೀರು ಕುಡಿದ, ಬೆಲ್ಲ ಬಾಯಿಗೆ ಹಾಕಿಕೊಂಡ. ಅಪ್ಪ ಎಲೆ ಅಡಿಕೆ ತಟ್ಟೆಯನ್ನು ಅವನ ಮುಂದೆ ಸರಿಸಿ ನೆಲ ನೋಡುತ್ತಾ ಕೂತ. ಅತ್ತೆ ಎರಡು ಸೀರೆಯ ಗಂಟು ಹಿಡಿದು ಬಾಗಿಲಿಗೆ ಬಂದಳು. ಬೆಳಗಿನಿಂದ ಅಳು ಬಂದರೂ ಅತ್ತಿರಲಿಲ್ಲ, ಕಣ್ಣು ಮಾತ್ರ ಕೆಂಪಗಿತ್ತು. ನಾನು ಅವಳ ಸೆರಗು ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲೂ ಇಲ್ಲ, ನನ್ನ ಕಡೆ ನೋಡಲೂ ಇಲ್ಲ.

ಅವ್ವ ಒಳಗಿನಿಂದ ಬಂದು ನಡುಬಾಗಿಲಲ್ಲಿ ನಿಂತಳು. ಗಂಡಸರು ಕೂತಲ್ಲಿಗೆ ಬಂದು ಮಾತಾಡುವ ರೂಢಿ ಅವಳಿಗಿರಲಿಲ್ಲ.

"ಅಕ್ಕನ್ನ ಕಳ್ಸಕ್ಕಾಗಲ್ಲ ಕಣಪ್ಪ. ಹರಕೆ ಐತೆ" ಎಂದಳು.

"ಹರಕೆ ತೀರ್ತು ಅಂದ್ರಲ್ಲಮ್ಮ, ಮಗಾ ಓಡಾಡ್ತೈತೆ?"

"ತೀರಿಲ್ಲ. ನಡುವೆ ಒಂದು ಸೋಮವಾರ ಅಕ್ಕನ ಕೈಯಿಂದ ಬಿತ್ತು. ಕೈ ಬದಲಾದ್ರೆ ಆ ಕೈಯೇ ಮುಂದಕ್ಕೂ ನಡೆಸ್ಬೇಕಂತೆ. ಅಯ್ಯನೋರು ಹೇಳವ್ರೆ. ಬುಟ್ರೆ ಮಗೀಗೆ ತಿರುಗಾ ಜ್ವರ ಬತ್ತದಂತೆ. ನಿಮ್ಮನೆ ದನಕ್ಕೆ ಬೇರೆ ಯಾರಾನಾ ನೋಡ್ಕಳಪ್ಪ."

ಅವನಿಗೆ ಅಯ್ಯನೋರ ಮಾತಿಗೆ ಎದುರಾಡುವ ಧೈರ್ಯವಿರಲಿಲ್ಲ. "ಎಲ್ಲೀ ಗಂಟ ನಡೆಸ್ಬೇಕಂತೆ?" ಎಂದ.

"ಇವಳ ಮದ್ವೆ ಆಗೋ ಗಂಟ" ಎಂದಳು ಅವ್ವ. "ಆಮೇಲೆ ಬಾಣಂತನ ಐತಲ್ಲ" ಎಂದು ಸೇರಿಸಿದಳು.

ಅಯ್ಯನೋರು ಅಂಥ ಮಾತು ಆಡಿರಲೇ ಇಲ್ಲ. ಅವರು ಹೇಳಿದ್ದನ್ನು ನಾನು ಕೇಳಿದ್ದೆ, ಅತ್ತೆಯೂ ಕೇಳಿದ್ದಳು. ಶಿವನ ಹೆಸರಲ್ಲಿ ಸುಳ್ಳಾಡಿದರೆ ನಾಲಿಗೆ ಬಿದ್ದು ಹೋಗುತ್ತದೆ ಎಂದು ನನಗೆ ಕಲಿಸಿದವಳು ಅವ್ವ. ಅತ್ತೆ ಅವಳ ಮುಖವನ್ನೇ ನೋಡಿದಳು. ಅವ್ವ ಎತ್ತುಗಳ ಕಡೆ ನೋಡುತ್ತಿದ್ದಳು. ಅಪ್ಪ ತಲೆಯೆತ್ತಿ, ಒಂದು ಎಲೆಗೆ ಸುಣ್ಣ ಹಚ್ಚಿ ಮೈದುನನ ಕೈಗೆ ಕೊಟ್ಟ.

ಅತ್ತೆ ಗಂಟನ್ನು ಒಳಗೆ ತೆಗೆದುಕೊಂಡು ಹೋದಳು. ಸೀರೆಗಳನ್ನು ಮತ್ತೆ ಗಳುವಿನ ಮೇಲೆ ಹಾಕಿದ್ದು ಬಾಗಿಲಿನಿಂದ ಕಂಡಿತು. ಸೆರಗಿನಿಂದ ಕಣ್ಣು ಒರೆಸಿಕೊಂಡು ಅಡಿಗೆಮನೆಗೆ ಹೋಗಿ, ಜಗುಲಿಯವರೆಗೂ ಕೇಳುವ ಹಾಗೆ ಕೂಗಿದಳು: "ರುದ್ರಮ್ಮ, ರವೆ ಎಲ್ಲಿ ಮಡಗಿದ್ದೀಯಮ್ಮ? ಇರುವೆಗೆ ಹೊತ್ತಾಯ್ತು."

ಅವ್ವ ಒಳಗೆ ಹೋಗಿ ರವೆ ತೆಗೆದುಕೊಟ್ಟಳು. ಅವತ್ತು ಬುಧವಾರ.